ಹಳದಿ ಗೆರೆಯ ನೆರಿಗೆ

"ಗೆರೆ ಬೇಡ ಇಶ್ಬೆಲ್. ನಿನಗೆ ಚೌಕಳಿ ನೆರಿಗೇನೇ ಚೆನ್ನಾಗಿರುತ್ತೆ."

ಲಾಕ್ಲನ್ ಅವಳ ಮುಖ ನೋಡದೆ ಹೇಳಿದ. ತನ್ನ ಹೊಲಿಗೆ ಅಂಗಡಿಯಲ್ಲಿ ಮಂಡಿಯೂರಿ ಕುಳಿತು, ಕಿಲ್ಟ್ ಎಂಬ ನೆರಿಗೆಲಂಗಕ್ಕಾಗಿ ಅವಳ ಸೊಂಟದ ಸುತ್ತ ಟೇಪು ಹಿಡಿದಿದ್ದ. ಎಡಸೊಂಟದ ಹತ್ತಿರ ಬಂದಾಗ ಅವನ ಬೆರಳು ಒಂದು ಕ್ಷಣ ತಡೆಯಿತು...

ಅಷ್ಟಕ್ಕೇ ಇಶ್ಬೆಲ್‌ಳ ಎದೆ ಡವಡವ ಅಂದಿತು. ಮರುಕ್ಷಣವೇ ಮೈಯೆಲ್ಲ ಉರಿಯಿತು!

"ಬ್ಯಾಂಡಿನಲ್ಲಿ ಎಲ್ಲರಿಗೂ ಗೆರೆ ನೆರಿಗೆ. ನನಗೊಬ್ಬಳಿಗೆ ಚೌಕಳಿ. ಯಾಕೋ?"

"ಚೌಕಳೀಲಿ ಹಿಂದೇನೂ ಮುಂದಿನ ಥರಾನೇ ಕಾಣುತ್ತೆ. ಚೌಕ ಎಲ್ಲೂ ಮುರಿಯಲ್ಲ. ನೋಡೋಕೆ ಸಮಾಧಾನ."

"ಸಮಾಧಾನ ಯಾರಿಗೆ?"

ಲಾಕ್ಲನ್ ಟೇಪು ಸುತ್ತತೊಡಗಿದ. ಇನ್ವರ್‌ಲಾರಿ ಊರಿನಲ್ಲಿ ಅವನಷ್ಟು ನಾಜೂಕಾಗಿ ಕಿಲ್ಟ್ ಹೊಲಿಯುವವರು ಇನ್ನೊಬ್ಬರಿಲ್ಲ. ಆದರೆ ಮಾತಿನ ವಿಷಯಕ್ಕೆ ಬಂದರೆ ಆಸಾಮಿ ಶುದ್ಧ ಪೆದ್ದ.

"ನಾನೇ ಹೇಳ್ಲಾ?" ಇಶ್ಬೆಲ್ ಮೇಜಿನ ಮೇಲಿದ್ದ ಹಸಿರು-ನೀಲಿ ಚೌಕಗಳ ಟಾರ್ಟನ್ ಉಣ್ಣೆಬಟ್ಟೆಯನ್ನು ಎಳೆದು, ಅದರ ಹಳದಿ ಗೆರೆಯ ಮೇಲೆ ಬೆರಳಿಟ್ಟಳು. "ಇದನ್ನ ಮೇಲಿಟ್ಟು ಮಡಿಸಿದ್ರೆ ಪ್ರತಿ ನೆರಿಗೆ ಮೇಲೂ ಒಂದೊಂದು ಹಳದಿ ಗೆರೆ ನೆಟ್ಟಗೆ ನಿಲ್ಲುತ್ತೆ. ನಾನು ಎಡಗಾಲು ಊರಿದ ತಕ್ಷಣ ಅಷ್ಟೂ ಗೆರೆ ಒಟ್ಟಿಗೆ ಓರೆ ಆಗುತ್ತೆ. ನನ್ನ ಕುಂಟು ಊರಿಗೆಲ್ಲ ಕಾಣುತ್ತೆ. ಅದನ್ನ ಮುಚ್ಚೋಕೆ ತಾನೇ ಈ ಚೌಕಳಿ?"

"ಜನ ಆಡ್ಕೋತಾರೆ ಕಣೇ..."

"ಆಡ್ಕೊಳ್ಳಲಿ!"

ಗುಡ್ಡದಲ್ಲಿ ಕುರಿ ಅಟ್ಟುವಾಗ ಗಾಡಿ ಮಗುಚಿ ಅವಳ ಸೊಂಟ ಮುರಿದಿತ್ತು. ಮೂಳೆ ಕೂಡಿತು, ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ. ಆದರೂ ಬ್ಯಾಂಡಿನ ಮುಂದೆ ದಂಡ ಹಿಡಿದು ನಡೆಯುತ್ತಿದ್ದ ಹಿರಿಯರು ನಿವೃತ್ತರಾಗುವಾಗ ಆ ಬೆಳ್ಳಿ ಗುಂಡಿನ ದಂಡವನ್ನು ಅವಳ ಕೈಗೇ ಕೊಟ್ಟಿದ್ದರು. ಶನಿವಾರದ ಕ್ರೀಡಾಮೇಳದಲ್ಲಿ ಮೊದಲ ಬಾರಿಗೆ ಅವಳು ಮುಂದೆ, ಇಡೀ ಬ್ಯಾಂಡು ಅವಳ ಹಿಂದೆ.

ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಕಿಣಿ ಅಂದಿತು. ದೊಡ್ಡ ಡ್ರಮ್ ಬಾರಿಸುವ ವಾಟಿ! ಬ್ಯಾಂಡಿನ ಹಿರೀಕ. ಹೊಟ್ಟೆ ಮೊದಲು, ಆಮೇಲೆ ಮನುಷ್ಯ ಒಳಗೆ ಬಂದ.

"ಲಾಕ್ಲನ್, ಶನಿವಾರ ದಂಡ ನೀನೇ ಹಿಡಿ ಅಂದಿದ್ವಲ್ಲ, ಈ ಹುಡುಗಿಗೆ ಹೇಳಿದ್ಯೇನಪ್ಪಾ?"

ಇಶ್ಬೆಲ್ ಹಿಡಿದಿದ್ದ ಬಟ್ಟೆಯನ್ನು ಮೇಜಿಗೆ ಎಸೆದಳು.

"ಬೇಜಾರು ಮಾಡ್ಕೋಬೇಡ ಮಗಳೇ," ವಾಟಿ ಗಂಟಲು ಸರಿಮಾಡಿಕೊಂಡ. "ಹಿಂದಿನವರು ನಿನ್ನ ನೋಡಿ ಹೆಜ್ಜೆ ಹಾಕ್ಬೇಕು. ನಿನ್ನ ಹೆಜ್ಜೆಯೋ... ಒಂದು ಉದ್ದ, ಒಂದು ಗಿಡ್ಡ. ಎಲ್ಲರೂ ಎಡವಿ ಬಿದ್ರೆ ಪಕ್ಕದೂರಿನವರು ಹಲ್ಲು ಕಿರೀತಾರೆ."

ಇಶ್ಬೆಲ್ ಲಾಕ್ಲನ್ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತು."

"ಇಶ್ಬೆಲ್, ನಾನು..."

"ಗೊತ್ತಿದ್ದೂ ಸೊಂಟದ ಅಳತೆ ತಗೊಂಡ್ಯಲ್ಲೋ! ನನ್ನ ದಂಡದ ಮೇಲೆ ನಿನಗೆ ಕಣ್ಣು. ಅದಕ್ಕೇ ನನ್ನ ಮುಚ್ಚಿ ಹಿಂದೆ ನಿಲ್ಲಿಸೋ ಉಪಾಯ!"

"ಹಾಗಲ್ಲ ಕಣೇ..."

"ಕೇಳು ಲಾಕ್ಲನ್. ನೀವೂ ಕೇಳಿ ವಾಟಿ ಮಾವ. ದಂಡ ನಂದು, ಬಿಡಲ್ಲ. ನೆರಿಗೆ ಗೆರೆದೇ ಆಗ್ಬೇಕು. ಇಲ್ಲಾಂದ್ರೆ ನನ್ನ ಕುರಿಕೊಟ್ಟಿಗೆ ಪ್ಯಾಂಟು ಹಾಕ್ಕೊಂಡೇ ಬ್ಯಾಂಡಿನ ಮುಂದೆ ನಡೀತೀನಿ. ಆಗ ಪಕ್ಕದೂರಿನವರು ಏನೇನು ಕಿರೀತಾರೋ ನೋಡೋಣ!"

ಬಾಗಿಲು ಧಡಾರೆಂದು ಬಡಿಯಿತು.

ಮನೆ ದಾರಿಯಲ್ಲಿ ಮಾತ್ರ ಅವಳ ಕಣ್ಣು ತುಂಬಿ ಬಂತು. ವಾಟಿ ಅಂದದ್ದು ಅವಳಿಗೆ ಅಷ್ಟಾಗಿ ನೋಯಲಿಲ್ಲ, ವಾಟಿಯ ಬಾಯಿ ಇರುವುದೇ ಹಾಗೆ. 'ಆದರೆ ಲಾಕ್ಲನ್... ಅವನಿಗೂ ನಾನು ಮುಚ್ಚಿಡಬೇಕಾದವಳಾ?' ಎಷ್ಟು ವರ್ಷಗಳಿಂದ ಬ್ಯಾಂಡಿನಲ್ಲಿ ಅವನು ಊದುವ ಬ್ಯಾಗ್‌ಪೈಪ್ ದನಿಯನ್ನು ಉಳಿದವರ ನಡುವೆ ಹುಡುಕಿ ಕೇಳುತ್ತಿದ್ದಳು! ಹೇಳಿಕೊಂಡಿರಲಿಲ್ಲ, ಅಷ್ಟೇ.

ಅಳು ನಿಂತ ಮೇಲೆ ದಂಡ ಹಿಡಿದು ಕುರಿಗಳ ಮುಂದೆ ಅಭ್ಯಾಸ ಶುರುಮಾಡಿದಳು. ಅವು ಹಲ್ಲು ಕಿರಿಯಲಿಲ್ಲ, ಹುಲ್ಲು ಮೇದವು.

ಶನಿವಾರ ಬೆಳಿಗ್ಗೆ ಮೈದಾನದ ಡೇರೆಯ ಹಿಂದೆ ಲಾಕ್ಲನ್ ನಿಂತಿದ್ದ. ಕೈಯಲ್ಲಿ ಉದ್ದನೆಯ ಪೊಟ್ಟಣ, ಕಣ್ಣು ಕೆಂಪು.

ಇಶ್ಬೆಲ್ ಮಾತಾಡದೆ ಪೊಟ್ಟಣ ಕಿತ್ತುಕೊಂಡಳು. ಕಿಲ್ಟ್ ಬಿಡಿಸಿ ಹಿಂಭಾಗ ತಿರುಗಿಸಿದಳು...

ಹಳದಿ ಗೆರೆ! ಒಂದೊಂದು ನೆರಿಗೆಯ ನಟ್ಟನಡುವೆ ಒಂದೊಂದು, ಒಂದೂ ಕದಲಿಲ್ಲ.

"ಅರ್ಧ ಚೌಕಳೀಲಿ ಹೊಲಿದಿದ್ದೆ," ಅಂದ ಲಾಕ್ಲನ್. "ಎಲ್ಲಾ ಬಿಚ್ಚಿ ಮತ್ತೆ ಹೊಲಿದೆ. ಅಂಚು ಮಾತ್ರ ಸಮ ಮಾಡಿದೀನಿ. ಓಲಾಟ ನಿಂದು, ಅದನ್ನ ಮುಟ್ಟಿಲ್ಲ."

"ದಂಡ?"

"ವಾಟಿ ಕೇಳಿದ ದಿನವೇ ಒಲ್ಲೆ ಅಂತ ಹೇಳಿದ್ದೆ. ಅವನ ಕಿವಿ ಗೊತ್ತಲ್ಲ, ಡ್ರಮ್ ಬಿಟ್ಟು ಬೇರೇನೂ ಕೇಳಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಿನಗೆ ನೋವಾಗುತ್ತೆ ಅಂತ..."

"ನೋವು ತಡ್ಕೊಳ್ಳೋದನ್ನ ನೀನು ನನಗೆ ಹೇಳಿಕೊಡ್ತೀಯಾ?"

ಲಾಕ್ಲನ್ ತಲೆ ತಗ್ಗಿಸಿದ. "ತಪ್ಪು ನಂದೇ. ಯಾರಾದ್ರೂ ನಿನ್ನ ನೋಡಿ ನಕ್ಕರೆ ತಡ್ಕೊಳ್ಳೋಕೆ ಆಗದೇ ಇರೋದು ನನಗೆ. ಅದಕ್ಕೆ ನಿನ್ನ ಮುಚ್ಚೋಕೆ ಹೋದೆ."

ಇಶ್ಬೆಲ್‌ಳ ಕೋಪ ಅಲ್ಲೇ ಕರಗಿಬಿಟ್ಟಿತು. ಹಾಗಂತ ತೋರಿಸಿಕೊಂಡಾಳೇ?

"ಹೋಗು, ಸಾಲಿನಲ್ಲಿ ನಿಲ್ಲು. ತಡವಾಯ್ತು," ಅಂದಳು.

ಅವತ್ತು ಗುಡ್ಡದಿಂದ ಬೀಸಿದ ಗಾಳಿಗೆ ಡೇರೆಗಳೇ ನಡುಗುತ್ತಿದ್ದವು. ಇಶ್ಬೆಲ್ ಮುಂದೆ ಬಂದು ನಿಂತಾಗ ಹಗ್ಗದಾಚೆ ಯಾರೋ ಕಿಸಕ್ಕನೆ ನಕ್ಕರು. ಅವಳು ಆ ಕಡೆ ತಿರುಗಿ, ನಕ್ಕವನ ಕಣ್ಣಲ್ಲಿ ಕಣ್ಣಿಟ್ಟು, ದಂಡ ಎತ್ತಿದಳು.

"ಬ್ಯಾಂಡ್... ನಡೀ!"

ಎಡಗಾಲು ಊರಿತು. ಹಳದಿ ಗೆರೆಗಳೆಲ್ಲ ಒಟ್ಟಿಗೆ ಓರೆಯಾಗಿ ಬಾಗಿದವು. ಬಲಗಾಲು... ನೆಟ್ಟಗಾದವು.

ಅರ್ಧ ಮೈದಾನ ದಾಟುವಷ್ಟರಲ್ಲಿ ಗಾಳಿ ಜೋರಾಗಿ ತಿರುಗಿ, ಹಿಂದಿನ ಸಾಲಿನಲ್ಲಿದ್ದ ವಾಟಿಯ ಡ್ರಮ್ ಸದ್ದನ್ನು ಹಿಂದಕ್ಕೇ ಹೊತ್ತೊಯ್ದಿತು. ಮುಂದಿನ ಸಾಲುಗಳಿಗೆ ಪೆಟ್ಟು ಕೇಳಿಸದು! ಹಾಗಾದಾಗಲೆಲ್ಲ ಈ ಬ್ಯಾಂಡು ಮೇಕೆ ಹಿಂಡಿನಂತೆ ಚದುರುವುದು ವಾಡಿಕೆ.

ಇವತ್ತು ಚದುರಲಿಲ್ಲ.

ಡ್ರಮ್ಮಿನ ದೊಡ್ಡ ಪೆಟ್ಟು ಬೀಳುವುದು ಎಡಗಾಲಿಗೆ. ಇಶ್ಬೆಲ್‌ಳ ಗೆರೆಗಳು ಬಾಗುವುದೂ ಎಡಗಾಲಿಗೇ. ಕೇಳಿಸದ ಪೆಟ್ಟು ಎಲ್ಲರ ಕಣ್ಣಿಗೆ ಕಾಣುತ್ತಿತ್ತು! ಪೈಪ್ ಊದುವವರು ಆ ಹಳದಿ ಓಲಾಟವನ್ನೇ ನೋಡುತ್ತ ಮೈದಾನ ಸುತ್ತಿ ಬಂದರು.

ಮೆರವಣಿಗೆ ನಿಂತಾಗ ವಾಟಿ ಏದುಸಿರು ಬಿಡುತ್ತ ಬಂದ.

"ಮಗಳೇ... ಮುಂದಿನ ವಾರ ಪಕ್ಕದೂರಿನ ಮೇಳ. ದಂಡ ಸ್ವಲ್ಪ ಪಾಲಿಶ್ ಮಾಡಿಟ್ಕೋ."

"ನೀವು ಡ್ರಮ್ ಸ್ವಲ್ಪ ಜೋರಾಗಿ ಬಾರಿಸಿ ಮಾವ."

ವಾಟಿ ಗೊಳ್ಳೆಂದು ನಕ್ಕು ಬಿಸಿ ಪೈ ತಿಂಡಿ ಮಾರುವ ಅಂಗಡಿಯ ಕಡೆ ನಡೆದ. ಲಾಕ್ಲನ್ ಮಾತ್ರ ಪೈಪನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದ.

"ಗೆರೆ ಓರೆ ಆಯ್ತಾ?" ಕೇಳಿದಳು.

"ಪ್ರತಿ ಹೆಜ್ಜೆಗೂ."

"ನಾಚಿಕೆ ಆಯ್ತಾ?"

"ಹೆಮ್ಮೆಗೆ ಊದೋಕೇ ಉಸಿರು ಸಾಲಲಿಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀನಂದ್ರೆ ನನಗೆ ಪ್ರಾಣ ಇಶ್ಬೆಲ್. ನೀನು ಬೀಳೋಕೆ ಮೊದಲೂ ಅಷ್ಟೇ, ಈಗಲೂ ಅಷ್ಟೇ. ಜೀವನಪೂರ್ತಿ ನಿನ್ನ ಹಿಂದೆ ನಡಿ ಅಂದ್ರೂ ನಡೀತೀನಿ."

ಇಶ್ಬೆಲ್ ಅವನ ಕೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು, ತಲೆ ಮಾತ್ರ ಎತ್ತಿಯೇ ಇತ್ತು.

"ಹಿಂದೆ ನಡೆಯೋದು ಮೈದಾನದಲ್ಲಿ. ಮನೆ ದಾರೀಲಿ ಪಕ್ಕ ಬಾ."

"ನಿನಗೋಸ್ಕರ ನಿಧಾನಕ್ಕೆ ನಡೀತೀನಿ."

"ನಿಧಾನ ಯಾಕೋ? ನನ್ನ ಹೆಜ್ಜೆ ಕಲಿ!"

"ಕಲಿಸ್ತೀಯಾ?"

"ಎಡಗಾಲಿಂದ ಶುರು ಮಾಡು," ಅಂದಳು ಇಶ್ಬೆಲ್.