ಕುಂಕುಮದ ಕೆಳಗಿನ ದೀಪ

“ಆ ವೈರಿಗೆ ಕೈ ಹಚ್ಚಬ್ಯಾಡ್ರಿ. ಅದನ್ನ ನಾ ಜೋಡ್ಸೀನಿ.”

ದನಿ ಕೇಳಿದ್ದೇ ತಡ, ಮೇಜಿನ ಕೆಳಗೆ ತೂರಿಕೊಂಡಿದ್ದವನು ಗಡಬಡಿಸಿ ತಲೆ ಎತ್ತಿದ. ಹಣೆ ಮೇಜಿಗೆ ಬಡಿಯಿತು.

ಪ್ರಣಾಲಿಗೆ ನಗು ಬಂತು, ಆದರೆ ನಗಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವ ಹುಡುಗಿ ಅವಳು. ಗುರುತಿಲ್ಲದ ಗಂಡಸೊಬ್ಬ ತನ್ನ ಮೇಜಿನ ಕೆಳಗೆ ಕೂತು, ತಾನು ಬೆಸುಗೆ ಹಾಕಿದ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದಿದ್ದರೆ ನಗುವುದಾದರೂ ಹೇಗೆ?

“ವೈರ್ ಚೊಲೋ ಐತ್ರಿ,” ಎಂದ ಅವನು, ಹಣೆ ಉಜ್ಜಿಕೊಳ್ಳುತ್ತ. “ನಂಗೂ ಇಷ್ಟು ಚೊಲೋ ಜೋಡ್ಸಾಕ ಬರೂದಿಲ್ಲ. ತಪ್ಪು ಬ್ಯಾರೆ ಕಡೆ ಐತಿ.”

ಅವನ ಹೆಸರು ಯಶ. ಕೃಷ್ಣಾ ನದಿಯ ಆಚೆ ದಡದ ಸಾಂಗ್ಲಿವಾಡಿಯವನು. ಮಿರಜದ ಸ್ಟೇಶನ್ ರೋಡಿನಲ್ಲಿದ್ದ ಈ ವಿಡಿಯೋ ಅಂಗಡಿ ಪ್ರಣಾಲಿಯ ಕಾಕಾ ತವನಪ್ಪನದು. ಸಲಗರೆಯಿಂದ ಕಾಲೇಜಿಗೆಂದು ಬಂದ ಹುಡುಗಿ, ಮಕ್ಕಳಿಲ್ಲದ ಕಾಕಾ–ಕಾಕಿಯ ಮನೆಯಲ್ಲೇ ಉಳಿದು ಅಂಗಡಿಯ ಕೆಲಸ ಹಿಡಿದಿದ್ದಳು. ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಬಸದಿಯ ಟ್ರಸ್ಟಿನವರು ಒಂದು ಕಪಾಟಿನ ತುಂಬ ದೊಡ್ಡ ಟೇಪುಗಳನ್ನು ತಂದು ಹಾಕಿದ ಮೇಲೆ, ಕಾಕಾ ಎಲ್ಲಿಂದಲೋ ಒಂದು ಕರೀ ಡಬ್ಬಿ ತಂದಿದ್ದ. ಅದನ್ನು ಕೂಡಿಸಲು ಯಶನನ್ನು ಕರೆಸಿದ್ದ.

ಅಂಥ ಟೇಪುಗಳಲ್ಲಿ ಒಂದೊಂದು ಚಿತ್ರಕ್ಕೂ ಒಂದು ಅಂಕಿ ಇರುತ್ತದೆ. ಗಂಟೆ, ನಿಮಿಷ, ಸೆಕೆಂಡು, ಆ ಸೆಕೆಂಡಿನೊಳಗೆ ಎಷ್ಟನೇ ಚಿತ್ರ, ಎಲ್ಲ. ಕಣ್ಣಿಗೆ ಕಾಣದ ಆ ಅಂಕಿಯನ್ನು ಓದಿ ಕೆಂಪಗೆ ತೋರಿಸುವುದೇ ಡಬ್ಬಿಯ ಕೆಲಸ. ಟೈಮ್ ಕೋಡ್ ರೀಡರ್ ಅನ್ನುತ್ತಾರೆ. ಸೀರಿಯಲ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಬೇಕಾದ ಅಂಕಿ ಟೈಪು ಮಾಡಿದರೆ ಸಾಕು, ಟೇಪು ತಾನೇ ಓಡಿ ಆ ಚಿತ್ರದ ಮೇಲೆ ನಿಲ್ಲುತ್ತದೆ.

ಆದರೆ ಬೆಳಗಿನಿಂದ ಪ್ರಣಾಲಿಯ ಪರದೆಯ ಮೇಲೆ ಬರೀ ಅಡ್ಡಾದಿಡ್ಡಿ ಅಕ್ಷರ ಬರುತ್ತಿದ್ದವು.

ಡಬ್ಬಿ ಒಂದು ವೇಗದಲ್ಲಿ ಮಾತಾಡುತ್ತಿದೆ, ಕಂಪ್ಯೂಟರ್ ಇನ್ನೊಂದು ವೇಗದಲ್ಲಿ ಕೇಳುತ್ತಿದೆ, ಎಂದು ಯಶ ವಿವರಿಸಿದ. ಪ್ರಣಾಲಿ ಸೆಟ್ಟಿಂಗ್ ತೆಗೆದು ಎರಡರ ವೇಗವನ್ನೂ ಒಂದೇ ಮಾಡಿದಳು. ಒಂದು ಅಂಕಿ ಹೊಡೆದಳು. ಟೇಪು ಗಿರ್ರನೆ ಸುತ್ತಿ, ತಡವರಿಸಿ, ಸರಿಯಾಗಿ ಅಲ್ಲೇ ನಿಂತಿತು.

ಇಬ್ಬರೂ ಒಮ್ಮೆಲೇ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಅವಳು ನಕ್ಕಳು.

ಆಮೇಲಿನದು ನಿಮಗೆ ಹೇಳಬೇಕಿಲ್ಲ. ಇಲ್ಲದ ಕೆಲಸ ಹುಡುಕಿಕೊಂಡು ಯಶ ಮತ್ತೆ ಮತ್ತೆ ಬಂದ. ಇದ್ದ ಕೆಲಸ ಮುಗಿಸದೆ ಪ್ರಣಾಲಿ ಕಾದಳು. ಗಿರಾಕಿಗಳ ಜೊತೆ ಇಡೀ ದಿನ ಮರಾಠಿ, ಅವರಿಬ್ಬರ ನಡುವೆ ಮಾತ್ರ ಕನ್ನಡ.

ಒಂದು ತೊಂದರೆ ಉಳಿದಿತ್ತು. ಹಳೇ ಟೇಪುಗಳಲ್ಲಿ ಅಲ್ಲಲ್ಲಿ ಅಂಕಿ ಅಳಿಸಿ ಹೋಗಿರುತ್ತಿತ್ತು. ಅಲ್ಲಿ ಬಂದರೆ ಡಬ್ಬಿ ಸುಮ್ಮನಾಗುತ್ತಿತ್ತು, ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ಟೇಪನ್ನು ನಿಲ್ಲಿಸಿಬಿಡುತ್ತಿತ್ತು. ಪ್ರಣಾಲಿಗೆ ತಾಳ್ಮೆ ಎಲ್ಲಿಂದ ಬರಬೇಕು? ಡಬ್ಬಿಯ ಹಿಂದಿನ ಸಣ್ಣ ಸ್ವಿಚ್ಚೊಂದನ್ನು ಹೊರಳಿಸಿದಳು. ಅಂದಿನಿಂದ ಟೇಪಿನಲ್ಲಿ ಅಂಕಿ ಸಿಗದಿದ್ದರೂ ಡಬ್ಬಿ ತಾನೇ ಎಣಿಸಿಕೊಂಡು ಮುಂದೆ ಹೋಗುತ್ತಿತ್ತು.

“ಹಂಗಿಟ್ರ ಈ ಹಸರ ದೀಪದ ಮ್ಯಾಲೆ ಕಣ್ಣಿಡು,” ಎಂದಿದ್ದ ಯಶ. “ದೀಪ ಹತ್ತಿದ್ರ ಅಂಕಿ ಟೇಪಿಂದು. ಆರಿದ್ರ ಡಬ್ಬಿ ತನ್ನ ಮನಸಿನಿಂದ ಹೇಳಾಕತ್ತೈತಿ.”

ಅವಳು ಹೂಂಗುಟ್ಟಿದಳು. ಅವಳ ಕಣ್ಣು ದೀಪದ ಮೇಲಿರಲಿಲ್ಲ, ಅವನ ಮೇಲಿತ್ತು.

ದಸರೆಯ ಖಂಡೆಪೂಜೆಯ ದಿನ ಕಾಕಿ ಸಖುಬಾಯಿ ಅಂಗಡಿಗೆ ಬಂದಳು. ಆಗಲೇ ಅವಳ ಮೈಯಲ್ಲಿ ರೋಗ ಹೊಕ್ಕಿತ್ತು, ಕೈ ನಡುಗುತ್ತಿತ್ತು. ಪ್ರತಿ ಯಂತ್ರಕ್ಕೂ ಅರಿಸಿನ ಕುಂಕುಮ ಕಲಸಿ ಬೊಟ್ಟಿಟ್ಟಳು. ಹೊಸ ಡಬ್ಬಿಗೆ ಮಾತ್ರ ಪ್ರೀತಿ ಹೆಚ್ಚಾಗಿ ಬೊಟ್ಟು ದೊಡ್ಡದಾಯಿತು. ಹಸಿರು ದೀಪ ಅದರಡಿ ಮುಚ್ಚಿಹೋಯಿತು. ಪೂಜೆಯ ಕುಂಕುಮವನ್ನು ಯಾರು ಒರೆಸುತ್ತಾರೆ?

ಕಾಕಿಗೆ ಆ ಡಬ್ಬಿಯ ಮೇಲೆ ಅಷ್ಟು ಪ್ರೀತಿ ಬರಲು ಕಾರಣವಿತ್ತು. ಹರೆಯದಲ್ಲಿ ಅವಳು ಬಸದಿಯ ಪಂಚಕಲ್ಯಾಣ ಪೂಜೆಯಲ್ಲಿ ಜಿನಸ್ತುತಿ ಹಾಡಿದ್ದಳು. ಹಾಡಿದ್ದು ಅದೊಂದೇ ಸಲ. ಅಂದು ಕ್ಯಾಮೆರಾ ಹಿಡಿದವನು ಕಾಕಾ. ‘ನಿನ್ನ ಹಾಡು ಟೇಪಿನ್ಯಾಗ ಐತಿ, ಮಶೀನು ಸಿಗ್ಲಿ, ತೋರಸ್ತೇನಿ’ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಈಗ ಮಶೀನು ಬಂದಿತ್ತು. ಡಾಕ್ಟರು ಆಸೆ ಬಿಟ್ಟಿದ್ದರು. ಸಾಯುವ ಮೊದಲು ತನ್ನ ದನಿ ತಾನೊಮ್ಮೆ ಕೇಳಬೇಕು... ಅವಳು ಬೇಡಿದ್ದು ಅಷ್ಟೇ.

ಅಂಗಡಿಯಲ್ಲಿ ಕುರ್ಚಿ ಹಾಕಿದರು. ಟ್ರಸ್ಟಿನ ಹಿರಿಯ ಜ್ಯೋತೆಪ್ಪ ಅಜ್ಜ ಬಂದ, ನೆಂಟರು ಬಂದರು. ಕಾಕಿ ಹೊಸ ಇಳಕಲ್ ಸೀರೆ ಉಟ್ಟು ಮುಂದೆ ಕೂತಳು.

ಪರದೆಯ ಮೇಲೆ ಎಳೇ ಸಖುಬಾಯಿ ನಡೆದು ಬಂದಳು. ಮೈಕಿನ ಮುಂದೆ ಕೂತಳು. ಸೆರಗು ಸರಿಮಾಡಿಕೊಂಡಳು. ಬಾಯಿ ತೆರೆಯಬೇಕು...

ಪರದೆ ತುಂಬ ಬಿಳೀ ಚುಕ್ಕೆಗಳು ಸುರಿದವು. ಪ್ರಣಾಲಿ ಟೇಪನ್ನು ಮುಂದೆ ಓಡಿಸಿದಳು. ಕೊನೆಯತನಕ ಅದೇ.

“ನನ್ನ ಹಾಡು ಎಲ್ಲಿ?” ಎಂದಳು ಕಾಕಿ, ಮಗುವಿನ ಹಾಗೆ.

ತವನಪ್ಪನ ಮುಖ ಸುಣ್ಣವಾಯಿತು. ಯಶನ ಕಡೆ ಬೊಟ್ಟು ಮಾಡಿದ. ನಿನ್ನೆ ಟೇಪು ಇವನ ಕೈಯಲ್ಲಿತ್ತು, ತಪ್ಪು ಗುಂಡಿ ಒತ್ತಿ ಅಳಿಸಿದ್ದಾನೆ, ಎಂದ. ಎಲ್ಲರೂ ಪ್ರಣಾಲಿಯತ್ತ ತಿರುಗಿದರು. ಯಶನನ್ನು ಬಿಟ್ಟರೆ ಆ ಡಬ್ಬಿ ತಿಳಿದವಳು ಅವಳೊಬ್ಬಳೇ.

ಪ್ರಣಾಲಿ ಡಬ್ಬಿಯನ್ನು ನೋಡಿದಳು. ಚಿತ್ರವಿಲ್ಲದ ಕಡೆಯೂ ಕೆಂಪು ಅಂಕಿಗಳು ತಪ್ಪದೆ ಓಡುತ್ತಿದ್ದವು. ಅವರ ಟೇಪಿನ ಯಂತ್ರದಲ್ಲಿ ಅಳಿಸಿದರೆ ಚಿತ್ರ ಹೋಗುತ್ತದೆ, ಅಂಕಿ ಉಳಿಯುತ್ತದೆ. ಏನೂ ಚಿತ್ರಿಸದ ಟೇಪಿನಲ್ಲಿ ಅಂಕಿಯೇ ಇರುವುದಿಲ್ಲ. ಅಂದರೆ ಅಲ್ಲಿ ಏನೋ ಇತ್ತು. ಯಾರೋ ಅಳಿಸಿದ್ದಾರೆ. ತಾನೇ ಹೊರಳಿಸಿದ ಸ್ವಿಚ್ಚು ಆ ಹೊತ್ತಿಗೆ ಅವಳ ನೆನಪಿಗೇ ಬರಲಿಲ್ಲ.

“ಅಂಕಿ ಐತಿ,” ಎಂದಳು. “ಹಾಡು ಇತ್ತು. ಅಳಿಸ್ಯಾರ.”

ಯಶ ಬಾಯಿ ತೆರೆದ. ಅಷ್ಟರಲ್ಲಿ ಕಾಕಿ, “ಇತ್ತಂತ... ನನ್ನ ಹಾಡು ಇತ್ತಂತ,” ಎಂದು ಅಳುತ್ತಲೇ ನಕ್ಕಳು. ಯಶ ಅವಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

ಆ ಮೌನವೇ ತಪ್ಪೊಪ್ಪಿಗೆ ಆಯಿತು. ನೆಂಟನೊಬ್ಬ ಅವನ ಕಪಾಳಕ್ಕೆ ಹೊಡೆದ. ಅವನ ಚೀಲವನ್ನು ರಸ್ತೆಗೆ ಎಸೆದರು. ಪ್ರಣಾಲಿ ತಡೆಯಲಿಲ್ಲ. ತಡೆಯುವುದಿರಲಿ, ಬಾಗಿಲತನಕ ಹೋಗಿ ಹೇಳಿದಳು, “ಸಾಯೂವಾಕಿ ಹಾಡು ಕಸಗೊಂಡಿ. ನಿನ್ನ ಮಾರಿ ನೋಡಾಕ ಹೇಸಿಗಿ ಬರತೈತಿ.” ಹೇಳುವಾಗ ನಿಜಕ್ಕೂ ಅವನ ಮುಖ ನೋಡಲಿಲ್ಲ.

ಕೆಲವೇ ದಿನಗಳಲ್ಲಿ ಕಾಕಿ ಹೋದಳು. ಹಾಡು ಇತ್ತೆಂಬ ಸಮಾಧಾನದಿಂದಲೇ ಹೋದಳು.

ಯಶನ ಮಾತು ಸಾಂಗ್ಲಿ–ಮಿರಜದ ಸ್ಟುಡಿಯೋಗಳಿಗೆಲ್ಲ ಮುಟ್ಟಿತು. ಟೇಪು ಅಳಿಸುವ ಕೈಗೆ ಯಾರೂ ಕೆಲಸ ಕೊಡಲಿಲ್ಲ. ಅವನು ಸಾಂಗ್ಲಿವಾಡಿಯಲ್ಲಿ ನೀರಿನ ಮೋಟಾರು ಬಿಚ್ಚಿ ಕಟ್ಟುತ್ತಿದ್ದಾನೆಂದು ಕೇಳಿದಾಗ ಪ್ರಣಾಲಿ, ‘ಆಗಬೇಕಾದ್ದೇ ಆತು’ ಎಂದುಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಪ್ರೀತಿಸಿದವನನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸವೆಂದು ಮಾಡಿದವರಿಗೇ ಗೊತ್ತು.

ಮತ್ತೆ ದಸರೆ ಬಂತು.

ಪೂಜೆಗೆ ಮೊದಲು ಯಂತ್ರ ಸ್ವಚ್ಛ ಮಾಡಬೇಕು. ಪ್ರಣಾಲಿ ಒದ್ದೆ ಬಟ್ಟೆಯಿಂದ ಡಬ್ಬಿ ಒರೆಸಿದಳು. ಕಾಕಿ ಇಟ್ಟ ಬೊಟ್ಟು ಚಕ್ಕೆಯಾಗಿ ಕೈಗೆ ಬಂತು. ಕಾಕಿಯ ಮುಖ ನೋಡಬೇಕೆನಿಸಿ, ಕಾಕಾ ಯಾರಿಗೂ ಮುಟ್ಟಲು ಕೊಡದ ಆ ಟೇಪನ್ನು ತೆಗೆದು ಹಾಕಿದಳು.

ಎಳೇ ಸಖುಬಾಯಿ ಬಂದಳು, ಕೂತಳು, ಸೆರಗು ಸರಿಮಾಡಿಕೊಂಡಳು. ಬಿಳೀ ಚುಕ್ಕೆ ಸುರಿದವು.

ಹಸಿರು ದೀಪ ಆರಿತು. ಅಂಕಿಗಳು ಓಡುತ್ತಲೇ ಇದ್ದವು.

ಪ್ರಣಾಲಿಗೆ ಯಶನ ಮಾತು ನೆನಪಾಯಿತು. ಡಬ್ಬಿಯ ಹಿಂದೆ ಬೆರಳು ಹಾಕಿ ಸ್ವಿಚ್ಚನ್ನು ಮೊದಲಿನಂತೆ ಮಾಡಿ, ಟೇಪನ್ನು ಹಿಂದೆ ಸುತ್ತಿ ಮತ್ತೆ ಬಿಟ್ಟಳು. ಚಿತ್ರ ನಿಂತಲ್ಲಿಯೇ ಅಂಕಿಯೂ ನಿಂತಿತು. ಅಲ್ಲಿಂದ ಮುಂದೆ ಟೇಪಿನಲ್ಲಿ ಏನೂ ಇರಲಿಲ್ಲ. ಎಂದೂ ಇರಲಿಲ್ಲ. ಯಾರೂ ಅಳಿಸಿರಲಿಲ್ಲ. ಡಬ್ಬಿ ತನ್ನ ಮನಸ್ಸಿನಿಂದ ಎಣಿಸಿದ ಅಂಕಿ ಓದಿ ಅವಳು ಒಬ್ಬ ಮನುಷ್ಯನ ಬದುಕು ಮುರಿದಿದ್ದಳು.

ಬಾಗಿಲಲ್ಲಿ ಕಾಕಾ ನಿಂತಿದ್ದ. ಅವನ ಕಣ್ಣು ಆರಿದ ದೀಪದ ಮೇಲಿತ್ತು.

“ನಿಮಗ ಗೊತ್ತಿತ್ತು,” ಎಂದಳು ಪ್ರಣಾಲಿ.

ಅವನು ಕುರ್ಚಿಯ ಮೇಲೆ ಕುಸಿದ. ಅಂದು ಹತ್ತಿರದಿಂದ ಹಿಡಿಯೋಣವೆಂದು ಕ್ಯಾಮೆರಾ ನಿಲ್ಲಿಸಿ ಮುಂದೆ ಹೋಗಿದ್ದನಂತೆ. “ಆಕಿ ಹಾಡಾಕ ಸುರು ಮಾಡಿದ್ಲು. ನಾ ಆಕಿ ಮಾರಿ ನೋಡ್ಕೋತ ನಿಂತೆ. ಗುಂಡಿ ಒತ್ತೂದ ಮರ್ತೆ.” ಅದನ್ನು ಹೆಂಡತಿಗೆ ಹೇಳುವ ಧೈರ್ಯ ಅವನಿಗೆ ಎಂದೂ ಬರಲಿಲ್ಲ. ಟೇಪು ಹಾಕುವ ಹಿಂದಿನ ದಿನ ಯಶನೂ ಸ್ವಿಚ್ಚು ಹೊರಳಿಸಿ ನೋಡಿ, ಹಾಡು ಇಲ್ಲವೆಂದು ತಿಳಿದು, ಸ್ವಿಚ್ಚನ್ನು ಇದ್ದಂತೆಯೇ ಇಟ್ಟಿದ್ದ. ಕಾಕಾ ಅವನ ಕಾಲು ಹಿಡಿದಿದ್ದ, ಯಾರಿಗೂ ಹೇಳಬೇಡವೆಂದು. ಮಾರನೆಯ ದಿನ ಅವನ ಮೇಲೇ ಬೊಟ್ಟು ಮಾಡಿದ್ದ.

“ಸತ್ತಾಕಿ ಸುಖದಿಂದ ಸತ್ತಾಳ,” ಎಂದ ಕಾಕಾ. “ಈ ಮಾತು ಹೊರಗ ಹೋದ್ರ ನೀ ಈ ಮನಿ ಹೊಸ್ತಿಲಾ ತುಳೀಬ್ಯಾಡ.”

ಪ್ರಣಾಲಿ ಸೀದಾ ಬಸದಿಗೆ ಹೋದಳು. ಪೂಜೆ ಮುಗಿಸಿ ಜನ ಹೊರಗೆ ಬರುತ್ತಿದ್ದರು. ಜ್ಯೋತೆಪ್ಪ ಅಜ್ಜನೆದುರು, ಅಂದು ಕಪಾಳಕ್ಕೆ ಹೊಡೆದವನೆದುರು, ಎಲ್ಲರೆದುರು ನಿಂತು ಹೇಳಿದಳು. ಹಾಡು ಇರಲೇ ಇಲ್ಲ, ಯಶ ಅಳಿಸಿಲ್ಲ, ತಪ್ಪು ಓದಿದವಳು ತಾನು ಎಂದು. ಹೊಡೆದವನು ತನ್ನ ಅಂಗೈ ನೋಡಿಕೊಂಡ.

ಅವಳು ಮರಳುವಷ್ಟರಲ್ಲಿ ಅವಳ ಬಟ್ಟೆಯ ಚೀಲ ಅಂಗಡಿಯ ಮೆಟ್ಟಿಲ ಮೇಲಿತ್ತು. ಬಾಗಿಲು ಹಾಕಿತ್ತು.

ಸಾಂಗ್ಲಿವಾಡಿಗೆ ಬಂದಾಗ ಇಳಿಹೊತ್ತು. ಯಶ ಅಂಗಳದಲ್ಲಿ ಮೋಟಾರೊಂದರ ತಾಮ್ರದ ತಂತಿ ಸುತ್ತುತ್ತಿದ್ದ. ಬೆರಳಿಗೆಲ್ಲ ಗಾಯ. ಅವಳನ್ನು ನೋಡಿ ಕೈ ನಿಂತಿತು. ಆಮೇಲೆ ಗಿರಾಕಿಯನ್ನು ಕೇಳುವಂತೆ ಮರಾಠಿಯಲ್ಲಿ ಕೇಳಿದ, ಏನು ಕೆಲಸವಿತ್ತು ಎಂದು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಕನ್ನಡದಲ್ಲೇ ಎಲ್ಲ ಹೇಳಿದಳು. ದೀಪ, ಸ್ವಿಚ್ಚು, ಕಾಕಾ, ಬಸದಿ. ಅವನು ಕೇಳುತ್ತ ಕೇಳುತ್ತ ತಂತಿ ಕೆಳಗಿಟ್ಟ.

“ಯಾಕ ಹೇಳಿದಿ?” ದನಿ ಒಡೆದು ಕನ್ನಡ ಹೊರಬಂತು. “ಅವ್ವನಂಥಾಕಿ ನಕ್ಕೋತ ಹೋಗ್ಲಿ ಅಂತ ನಾ ಎಲ್ಲಾ ನುಂಗೀನಿ. ಬಂದಷ್ಟೂ ಬೈಗಳ ತಿಂದೀನಿ. ಅದನ್ನೂ ನೀ ಕೆಡಿಸಿದಿಯಲ್ಲ.”

“ಕಾಕಿ ಇಲ್ಲ, ಯಶ. ನೀ ಅದಿ.” ಅವಳಿಗೆ ಅಳು ತಡೆಯಲಾಗಲಿಲ್ಲ. “ನನಗ ಇರೂವ ಮನಷ್ಯಾ ಬೇಕು.”

ಅವನು ಕೆಳಗಿಟ್ಟ ತಂತಿಯನ್ನು ಮತ್ತೆ ಎತ್ತಿಕೊಂಡ. ಎದೆಯೊಳಗೆ ಇಡೀ ವರ್ಷ ಕೂತಿದ್ದ ಸಿಟ್ಟು ಅಷ್ಟು ಬೇಗ ಎದ್ದು ಹೋಗುತ್ತದೆಯೇ?

“ಹೊಡೆದದ್ದು ಮರ್ತೆ,” ಎಂದ ಕೊನೆಗೆ. “ನೀ ಡಬ್ಬಿ ನೋಡಿದಿ. ನನ್ನ ನೋಡ್ಲಿಲ್ಲ. ಅದೊಂದು ಮರಿಯಾಕ ಆಗವಲ್ದು.”

“ಮರೀಬ್ಯಾಡ. ನಾನೂ ಮರಿಯೂದಿಲ್ಲ.”

ಹೊತ್ತು ನದಿಯ ಕಡೆ ಇಳಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಜೈನರಾದ ಅವರ ಮನೆಗಳಲ್ಲಿ ಊಟವಿಲ್ಲ. ಯಶ ಅವಳ ಚೀಲ ನೋಡಿದ, ಒಣಗಿದ ತುಟಿ ನೋಡಿದ. ಮುಂಜಾನೆಯಿಂದ ಉಂಡಿಲ್ಲವೆಂದು ಅವನಿಗೆ ಕೇಳದೆಯೇ ತಿಳಿಯಿತು.

“ಆಯೀ,” ಎಂದು ಒಳಗಿದ್ದ ತಾಯಿಯನ್ನು ಕೂಗಿದ, “ಇನ್ನೊಂದು ತಾಟ ಹಾಕ.”

“ಯಾರಿಗೋ?”

“ಪ್ರಣಾಲಿಗೆ.”

ಒಳಗೆ ಪಾತ್ರೆಯ ಸದ್ದು ನಿಂತಿತು.

“ನಿನ್ನ ಹೆಸರ ಮಣ್ಣಾಗ ಹಾಕಿದಾಕಿಗೆ?”

“ಹೂಂ, ಆಯಿ. ಆಕಿಗೇ.”

ಒಳಗಿನಿಂದ ತಾಟೊಂದು ನೆಲಕ್ಕೆ ಸಿಟ್ಟಿನಿಂದ ಕುಕ್ಕಿದ ಸದ್ದು ಬಂತು. ಅದರ ಹಿಂದೆಯೇ ನೀರಿನ ತಂಬಿಗೆ ಇಟ್ಟ ಸದ್ದು.

“ಆಯಿ ನಿನ್ನ ಲಗೂನ ಕ್ಷಮಾ ಮಾಡೂದಿಲ್ಲ,” ಎಂದ ಯಶ ಮೆಲ್ಲಗೆ.

“ನೀ?”

“ನಾನೂ ಮಾಡೂದಿಲ್ಲ.” ಅವನು ಅವಳ ಚೀಲವನ್ನೆತ್ತಿ ಹೆಗಲಿಗೆ ಹಾಕಿಕೊಂಡ. “ಅಲ್ಲೀತನಕ ಇಲ್ಲೇ ಇರಬೇಕಾಗತೈತಿ. ಇರ್ತೀಯೇನು?”

“ಇರ್ತೀನಿ,” ಎಂದಳು ಪ್ರಣಾಲಿ.