ಹೂವಿನ ಹಿಂದಿದ್ದ ಮುಖ

"ಆ ಬೀಗದ ಕೈ ಮೊದ್ಲು ಬಿಸಾಕ್ರಿ! ಹುಡುಗೀನ ಒಂದು ಮಗ್ಗಲಿಗೆ ಹೊಳ್ಳಿಸ್ರಿ!"

ಗಡಿಯೂರು ರಾಯದುರ್ಗದ ಒಂದು ನರ್ಸಿಂಗ್ ಹೋಮಿನ ಬಾಗಿಲಲ್ಲಿ ನರ್ಸ್ ಭವ್ಯಾ ಹೀಗೆ ಕೂಗಿದಾಗ ಮಾರುತಿ ಬೆಚ್ಚಿಬಿದ್ದ. ಫಿಟ್ಸ್ ಬಂದು ಒದ್ದಾಡುತ್ತಿದ್ದ ತಂಗಿ ಶೃತಿಯ ಅಂಗೈಗೆ ಅವನು ಕಬ್ಬಿಣದ ಬೀಗದ ಕೈ ಒತ್ತಿ ಹಿಡಿದಿದ್ದ. ಅವರೂರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಭವ್ಯಾ ಅವನನ್ನು ಪಕ್ಕಕ್ಕೆ ತಳ್ಳಿ, ಹುಡುಗಿಯನ್ನು ಹೊರಳಿಸಿ, ತಲೆಯ ಕೆಳಗೆ ತನ್ನ ಕೈಯನ್ನೇ ಇಟ್ಟಳು. ಶೃತಿ ಕಣ್ಣು ಬಿಟ್ಟ ಮೇಲೆ ಅವನಿಗೆ ಇನ್ನೊಂದು ಸುತ್ತು ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಪ್ರೀತಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ!

ಅಣ್ಣ-ತಂಗಿಯರದು ಮಡಕಶಿರಾ ಕಡೆ, ಗುಡಿಬಂಡೆ ಹತ್ತಿರದ ಹಳ್ಳಿ. ಹಿಪ್ಪುನೇರಳೆ, ಜೊತೆಗೆ ಬೋರ್‌ವೆಲ್ ನೀರಿನಲ್ಲಿ ಒಂದಿಷ್ಟು ಕನಕಾಂಬರ. ಶೃತಿಗೆ ಗಂಡು ಗೊತ್ತಾಗಿತ್ತು. ಹತ್ತಿರದ ಡಾಕ್ಟರಿಗೆ ತೋರಿಸಿದರೆ ಸುದ್ದಿ ಹಬ್ಬುತ್ತದೆಂದು ಅಣ್ಣ ಅವಳನ್ನು ಅಷ್ಟು ದೂರ ಕರೆತಂದಿದ್ದ.

"ಹುಡುಗನಿಗೆ ನಾನೇ ಹೇಳ್ತೀನಕ್ಕ," ಎಂದು ಶೃತಿ ಒಮ್ಮೆ ಭವ್ಯಾಳ ಕೈ ಹಿಡಿದು ಹೇಳಿದ್ದಳು. "ಹೆಂಗೆ ಹೇಳ್ಬೇಕು ಅಂತ ದಿನಾ ಮನಸ್ನಾಗೆ ಜೋಡಿಸ್ಕೊಂತಾ ಇದೀನಿ."

ತಪಾಸಣೆಗೆ ಬಂದಾಗಲೆಲ್ಲ ಮಾರುತಿ ಬಾಗಿಲ ಬಳಿ ನಿಂತು ಭವ್ಯಾಳನ್ನೇ ನೋಡುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಎಲೆಯ ಪೊಟ್ಟಣ ಚಾಚಿದ.

"ನಮ್ ತೋಟದ್ದು ಸಿಸ್ಟರ್... ಬೇಡ ಅನ್ಬೇಡಿ."

ಒಳಗೆ ಕನಕಾಂಬರದ ಮಾಲೆ! ಭವ್ಯಾಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡ್ಯೂಟಿಯಲ್ಲಿ ಮುಡಿಯುವಂತಿಲ್ಲ, ಕೈಗೆ ಸುತ್ತಿಕೊಂಡಳು. ವಾರ್ಡಿನಲ್ಲೇ ನಿಂತು ಫೋಟೋ ಹೊಡೆದು ಸ್ಟೇಟಸ್ ಹಾಕಿಯೇಬಿಟ್ಟಳು. ಯಾರು ಕೊಟ್ಟ ಹೂವೆಂದು ಮಾತ್ರ ಬರೆಯಲಿಲ್ಲ. ಅಷ್ಟು ಎಚ್ಚರ ಇತ್ತು, ಪುಣ್ಯಾತ್ಗಿತ್ತಿಗೆ!

ಆದರೆ ಹೂವಿನ ಹಿಂದೆ ಹಾಸಿಗೆಯ ಮೇಲೆ ಶೃತಿ ಇದ್ದಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ಫಿಟ್ಸ್ ಕಾಯಿಲೆಯ ಬಗ್ಗೆ ತೆಲುಗಿನ ದಪ್ಪಕ್ಷರದ ಬೋರ್ಡು.

ಆ ಫೋಟೋ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತ ಗಂಡಿನ ಮನೆ ಸೇರಿತು. ಸಂಬಂಧ ಮುರಿದುಬಿತ್ತು.

ಮಾರುತಿಯ ಹೆಸರು ಫೋನಿನಲ್ಲಿ ಕಂಡಾಗ ಭವ್ಯಾ ನಗುತ್ತಲೇ ಎತ್ತಿದಳು.

"ಲೈಕಿಗೋಸ್ಕರ ನನ್ ತಂಗೀನ ಬೀದಿಗಿಟ್ರಲ್ಲ ಸಿಸ್ಟರ್! ನಿಮ್ಮನ್ನ ಏನಂದ್ಕೊಂಡಿದ್ದೆ ನಾನು!"

ಅಷ್ಟೇ. ಫೋನ್ ಕಟ್ಟಾಯಿತು.

'ಲೈಕಿಗಲ್ಲ... ನಿನ್ನ ಹೂವಿಗೆ!' ಎಂದು ಮನಸ್ಸು ಕೂಗಿತು. ಆದರೆ ಹಾಗೆ ಹೇಳಿಕೊಳ್ಳಲೂ ನಾಚಿಕೆಯಾಯಿತು. ಪ್ರೀತಿಯಿಂದ ಮಾಡಿದರೆ ತಪ್ಪು ಸಣ್ಣದಾಗುತ್ತದೆಯೇ?

ಅವಳಾಗಿಯೇ ಹೋಗಿ ಹೆಡ್ ನರ್ಸ್ ಓಬಳಮ್ಮನವರಿಗೆ ಎಲ್ಲ ಹೇಳಿದಳು. ಅವರು ದನಿ ಏರಿಸಲಿಲ್ಲ.

"ಫೋನ್ ನಿಂದ ಇರಬೋದವ್ವ. ಈ ಬಟ್ಟಿ ಹಾಕ್ಕೊಂಡ ಮ್ಯಾಗ ಅದ್ರಾಗ ಬೀಳೋ ಮಕ ನಿಂದಲ್ಲ. ಸ್ವಲ್ಪ ದಿನ ವಾರ್ಡಿಗೆ ಬರಬ್ಯಾಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮೆತ್ತನೆಯ ಮಾತಿಗೆ ಭವ್ಯಾ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬಸ್ಸು ಹಿಡಿದು ಮಡಕಶಿರಾಕ್ಕೆ ಹೋದಳು, ಅಲ್ಲಿಂದ ಆಟೋದಲ್ಲಿ ಅವರ ಹಳ್ಳಿಗೆ. ಶೃತಿ ಜಗಲಿಯಲ್ಲಿ ಕೂತು ರೇಷ್ಮೆಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಭವ್ಯಾಳನ್ನು ಕಂಡು ಅವಳ ಕೈ ನಿಂತಿತು.

"ತಪ್ಪು ನಂದೈತಿ ಶೃತಿ. ಆ ಫೋಟೋ ನಾನ ಹಾಕಿದ್ದು. ಬೈ, ಹೊಡಿ, ಏನಾರ ಮಾಡು..."

ಶೃತಿ ಬೈಯಲಿಲ್ಲ.

"ಮುರಿದು ಹೋಗಿದ್ದಕ್ಕಲ್ಲಕ್ಕ ನನ್ ಸಂಕಟ. ನಾನು ಹೇಳಿದ್ರೂ ಅವ್ನು ಬ್ಯಾಡ ಅಂತಿದ್ನೇನೋ. ಆದ್ರೆ ಆ ಮಾತು ನನ್ ಬಾಯಿಂದ ಬರ್ಬೇಕಿತ್ತು. ಅಷ್ಟು ದಿನ ಜೋಡಿಸ್ಕೊಂಡಿದ್ದೆ... ನಿನಗೊಬ್ಬಳಿಗೇ ಗೊತ್ತಿತ್ತಲ್ಲಕ್ಕ!"

ಶೃತಿ ಒಳಗಿನಿಂದ ನೀರು ತಂದುಕೊಟ್ಟಳು.

ಆಟೋ ನಿಲ್ಲುವ ಜಾಗದವರೆಗೆ ಮಾರುತಿ ಜೊತೆಗೆ ಬಂದ.

"ಅದು ನಾನು ಕೊಟ್ಟ ಹೂವು ಅಂತ ಆಮೇಲೆ ನೋಡ್ದೆ. ಲೈಕಿಗೆ ಅಂದ್ಬಿಟ್ಟೆ..."

"ಅದನ್ನ ಈಗ ತಗೀಬ್ಯಾಡ್ರಿ. ನೆಪ ಹೇಳಿದಂಗಾಕ್ಕೈತಿ." ಅವಳ ಕಣ್ಣು ತುಂಬಿತು. "ನಿಮ್ ಮ್ಯಾಲೆ ಪ್ರೀತಿ ಇತ್ರಿ... ಈಗೂ ಐತ್ರಿ. ಅದಕ್ಕ ಹಿಂದಿದ್ದಾಕಿ ಕಾಣ್ಲಿಲ್ಲ. ಆದ್ರ ಕಾಣಬೇಕಿತ್ತು. ನಾನು ನರ್ಸ್ ಅದೀನಲ್ರಿ!"

"ನನಗೂ ಐತೆ ಭವ್ಯಾ..." ಅವನು ಸಿಸ್ಟರ್ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅವ್ಳು ಹಿಂಗೆ ಕೂತಿರುವಾಗ ನಿಮ್ ಕೈ ಹಿಡ್ಕೊಂಡು ಯಾವ ಮುಖದಾಗೆ ಮನೆಯೊಳಕ್ಕೆ ಹೋಗ್ಲಿ, ಹೇಳಿ?"

ಆಟೋ ಬಂದು ನಿಂತಿತು. ಅವಳು ಹತ್ತಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾ ಕಾಯ್ತೀನ್ರಿ."

"ಕಾಯ್ಬೇಡಿ ಅಂತ ಹೇಳೋಕೇ ಇಲ್ಲಿಗಂಟ ಬಂದೆ ಕಣ್ರೀ."

"ಹಂಗಾರ ಹೇಳ್ರಿ."

ಅವನು ಬಾಯಿ ತೆರೆದ. ಆಟೋದವನು ಹಾರ್ನ್ ಹೊಡೆದ. ಮಾರುತಿ ಆಟೋದ ಕಂಬಿ ಹಿಡಿದುಕೊಂಡೇ ನಿಂತಿದ್ದ.

"ಬಾಯೇ ಬರ್ತಿಲ್ಲ ಭವ್ಯಾ..."