ಸೋಮವಾರದ ಷೆವರ್ಲೆ

1946ರ ಜನವರಿಯ ಮೊದಲ ಸೋಮವಾರ ವಿರೂಪಣ್ಣ ಮಲ್ಲಟಕ್ಕೆ ಬಂದದ್ದು ಒಂದು ಹಳೆಯ ಕಾರು ನೋಡಲು. ರಾಯಚೂರಿನ ವಲಿ ಪಾಷಾ ಗ್ಯಾರೇಜಿನಲ್ಲಿ ಅವನು ಮಿಸ್ತ್ರಿ. ಯುದ್ಧ ಮುಗಿದಿದ್ದರೂ ಹೊಸ ಕಾರು ಇನ್ನೂ ಸಿಗುತ್ತಿರಲಿಲ್ಲ, ಹಳೆಯವಕ್ಕೇ ಗಿರಾಕಿ. ಮಾರಾಟಕ್ಕಿರುವ ಕಾರು ಹುಡುಕಿ, ಎಂಜಿನ್ ಚಾಲೂ ಮಾಡಿ ನೋಡಿ, ಇದ್ದದ್ದನ್ನು ಇದ್ದಂತೆ ಪಾಷಾಗೆ ತಿಳಿಸುವುದು ಅವನ ಕೆಲಸ. ಈ ಕಾರಿಗೆ ಹೈದರಾಬಾದಿನ ಗಿರಾಕಿಯೊಬ್ಬ ಕಾದಿದ್ದ. ತಿಂಗಳೊಳಗೆ ಉತ್ತರ ಬೇಕೆಂದಿದ್ದ.

ಗಡಿಗೆಪ್ಪನವರ ಕೊಟ್ಟಿಗೆಯಲ್ಲಿ, ಎರಡು ಎತ್ತುಗಳ ಪಕ್ಕ, 1928ರ ಷೆವರ್ಲೆ ನಿಂತಿತ್ತು. ಬಾನೆಟ್ ಮೇಲೆ ಮೂರು ಪಟ್ಟೆ ವಿಭೂತಿ. ಬ್ಯಾಟರಿ ಸತ್ತಿತ್ತು.

"ತಿರುವೋ ಹ್ಯಾಂಡಲ್ ಎಲ್ಲದರೀ?"

"ದೇವರ ಮನ್ಯಾಗ," ಎಂದಳು ಗಡಿಗೆಪ್ಪನವರ ಮಗಳು ಅನ್ನಮ್ಮ. "ಇವತ್ತ ಸೋಮವಾರ. ನಮ್ಮಪ್ಪ ಎತ್ತೂ ಹೂಡಂಗಿಲ್ಲ, ಇದನ್ನೂ ಚಾಲೂ ಮಾಡಂಗಿಲ್ಲ."

"ಕಾರು ಎತ್ತೇನ್ರಿ?"

"ಎತ್ತಿಗಿಂತ ಜಾಸ್ತಿ ಮೇಯತದ. ಪೆಟ್ರೋಲ್ ಕೂಪನ್ ಸಾಲಲ್ದಕ್ಕ ಮಾರಾಕತ್ತೀವಿ."

ಅವನು ನಕ್ಕ. ಅವಳು ನಗಲಿಲ್ಲ. ಆದರೆ ನಗು ತಡೆಯಲು ಕೆಳತುಟಿ ಕಚ್ಚಿದ್ದನ್ನು ಅವನು ನೋಡಿದ.

ಮುಂದಿನ ಸೋಮವಾರ ಮತ್ತೆ ಬಂದ. ಟೈರು ನೋಡಿದ. ಮೂರನೆಯ ಸೋಮವಾರ ಕಾರ್ಬುರೇಟರ್ ಬಿಚ್ಚಿ ತೊಳೆದ.

"ಇದು ಉಸಿರು ತಗೊಳ್ಳೋದು ಎಲ್ಲಿಂದ್ರಿ?" ಅವಳು ಬಗ್ಗಿ ಕೇಳಿದಳು. ಅವನು ತೋರಿಸಿದ. ಕೈಬಳೆ ಲೋಹಕ್ಕೆ ತಾಗಿ ಟಿಣ್ ಎಂದಿತು. ಅವಳು ಕೈ ತಕ್ಷಣ ತೆಗೆಯಲಿಲ್ಲ.

ನಾಲ್ಕನೆಯ ಸೋಮವಾರ, ಇಪ್ಪತ್ತೆಂಟನೆಯ ತಾರೀಖು, ಅವಳು ಮಜ್ಜಿಗೆಯ ಚೊಂಬು ಕೊಡದೆ ಹಿಡಿದೇ ನಿಂತಳು.

"ಮಿಸ್ತ್ರಿಯವರ, ನಿಮ್ಮೂರು ಯಾವುದ್ರಿ?"

"ಕಲ್ಮಲ."

"ಅಲ್ಲಿ ಸೋಮವಾರ ಎತ್ತು ಹೂಡತಾರೇನು?"

"ಇಲ್ರಿ."

"ಗ್ಯಾರೇಜಿಗೆ ಸೂಟಿ ಯಾವಾಗ?"

ನಿಜಾಮರ ರಾಜ್ಯದಲ್ಲಿ ವಾರದ ರಜೆ ಯಾವತ್ತೆಂದು ಮಲ್ಲಟದವರಿಗೂ ಗೊತ್ತು. "ಶುಕ್ರವಾರ," ಎಂದ.

"ಮೊದಲ್ನೇ ಸೋಮವಾರ ತಿಳೀದ ಬಂದ್ರಿ, ಒಪ್ಪಿದೆ. ಉಳಿದ ಮೂರು?"

ಅವನು ನಟ್ಟು ಬಿಚ್ಚುವ ಪಾನಾ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಬ್ಯಾರೆ ದಿನ ಬಂದ್ರ ಗಾಡಿ ಚಾಲೂ ಆಗತದ. ಚಾಲೂ ಆದ್ರ ಹೈದರಾಬಾದಿಗೆ ಹೋಗತದ. ಆಮ್ಯಾಗ ನಾ ಯಾವ ನೆವ ಹೇಳಿ ಇಲ್ಲಿಗೆ ಬರಲಿ, ಅನ್ನಮ್ಮ?"

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಚೊಂಬು ಕೊಟ್ಟಳು.

"ನೆವ ಯಾಕ? ನಾಳಿ ಬರ್ರಿ. ಗಾಡೀನ ಕಲ್ಮಲದ ತನಕ ಓಡಿಸಿ ನೋಡತೀನಿ ಅಂತ ಅಪ್ಪಗ ಹೇಳ್ರಿ."

"ಕಲ್ಮಲಕ್ಕ ಯಾಕ?"

"ಹೆಣ್ಣು ನೋಡಾಕ ನಿಮ್ಮವ್ವ ಇದ್ದಿಲು ಬಸ್ಸಿನ್ಯಾಗ ಹೊಗಿ ಕುಡಕೊಂತ ಬರಬೇಕೇನು?"

ಮಂಗಳವಾರ ಎಂಜಿನ್ ಮೂರನೆಯ ತಿರುವಿಗೆ ಹತ್ತಿತು. ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ವಿರೂಪಣ್ಣ ಹ್ಯಾಂಡಲ್ ಕೈಯಲ್ಲಿ ಹಿಡಿದೇ ಗಡಿಗೆಪ್ಪನವರಿಗೆ ವಿಷಯ ಹೇಳಿದ. ಕಾರು ಓಡಿಸುವುದು ಹೆಣ್ಣು ನೋಡಲು ಅವ್ವನನ್ನು ಕರೆತರುವುದಕ್ಕೆ ಎಂಬುದನ್ನೂ ಬಿಡಲಿಲ್ಲ.

ಅವರು ಮಗಳನ್ನು ನೋಡಿದರು. ಅವಳು ಎತ್ತಿನ ಕತ್ತು ಸವರುತ್ತಿದ್ದಳು. ಈ ಸಲ ನಗು ತಡೆದಿರಲಿಲ್ಲ.

"ಹೋಗಿ ಬರಾಕ ಪೆಟ್ರೋಲ್ ಸಾಕಾಗತದೇನಪಾ?" ಎಂದರು ಗಡಿಗೆಪ್ಪನವರು.

ಅಂದೇ ವಿರೂಪಣ್ಣ ಪಾಷಾಗೆ ಚೀಟಿ ಬರೆದ: "ಎಂಜಿನ್ ಚೆನ್ನಾಗಿದೆ. ಹಿಂದಿನ ಟೈರು ಎರಡೂ ಸವೆದಿವೆ. ಗಿರಾಕಿಗೆ ಒಂದು ತಿಂಗಳು ತಡೆಯಲು ಹೇಳಿ. ಕಾರಿಗೆ ಇಲ್ಲಿ ನನ್ನ ಮದುವೆಯ ಓಡಾಟವಿದೆ."